ಬಿದ್ದವರ ನೆನಪು, ಮರೆತವರ ಮೂಳೆ: ಎರಡನ್ನೂ ಒಟ್ಟಿಗೆ ನೋಡಿಕೊಳ್ಳುವುದು ಹೇಗೆ?

ಅವ್ವ ಬಚ್ಚಲಲ್ಲಿ ಬಿದ್ದಾಗ ಮಣಿಕಟ್ಟು ಮುರಿಯಿತು. "ಕಾಲು ಜಾರ್ತು ಕಣಪ್ಪ, ಇನ್ನೇನಿಲ್ಲ" ಅಂದಳು. ಪ್ಲಾಸ್ಟರ್ ಹಾಕಿಸಿದೆವು, ಆರು ವಾರಕ್ಕೆ ಬಿಚ್ಚಿಸಿದೆವು, ಕೈ ಕೂಡಿಕೊಂಡಿತೆಂದು ಎಲ್ಲರೂ ನಮ್ಮ ನಮ್ಮ ಕೆಲಸಕ್ಕೆ ಹೊರಟೆವು. ಅಷ್ಟು ಹೊತ್ತಿಗಾಗಲೇ ಬಸ್ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು; ಹಾಲಿನವನಿಗೆ ಒಂದೇ ತಿಂಗಳ ದುಡ್ಡು ಎರಡು ಸಲ ಸಂದಾಯವಾಗಿತ್ತು. ಅರವತ್ತಕ್ಕೆ ಅರಳು ಮರಳು ಅಂತ ನಕ್ಕಿದ್ದೆವು. ಮೂಳೆ ಡಾಕ್ಟರು ಮರೆವಿನ ಬಗ್ಗೆ ಕೇಳಲಿಲ್ಲ, ನಾವೂ ಹೇಳಲಿಲ್ಲ. ಮಂಡ್ಯದಲ್ಲಿ ಔಷಧಿ ಅಂಗಡಿ ಇಟ್ಟು ಇಪ್ಪತ್ತು ವರ್ಷವಾಗಿದ್ದ ನನಗೂ ಹೊಳೆಯಲಿಲ್ಲ. ಎಷ್ಟೋ ಮನೆಗಳಿಗೆ ಕ್ಯಾಲ್ಸಿಯಂ ಡಬ್ಬಿ, ನೆನಪಿನ ಮಾತ್ರೆ ಎರಡನ್ನೂ ಒಂದೇ ಕವರಿಗೆ ಹಾಕಿ ಕೊಟ್ಟವನು ನಾನು.

ಎರಡು ವರ್ಷದ ಮೇಲೆ ಅವ್ವನ ಸೊಂಟದ ಮೂಳೆ ಮುರಿಯಿತು. ಆಮೇಲೆ ಓದಿ, ಡಾಕ್ಟರುಗಳನ್ನು ಕೇಳಿ, ತಪ್ಪು ಮಾಡಿ ಕಲಿತದ್ದು ಇಲ್ಲಿದೆ. ನಾನು ವೈದ್ಯನಲ್ಲ, ಔಷಧಿ ಶುರು ಮಾಡುವುದು, ನಿಲ್ಲಿಸುವುದು ನಿಮ್ಮ ಡಾಕ್ಟರ ಕೆಲಸ. ಅವರನ್ನು ಏನು ಕೇಳಬೇಕು, ಮನೆಯಲ್ಲಿ ಏನು ಮಾಡಬೇಕು ಅನ್ನುವುದಷ್ಟೇ ನನ್ನದು.

ಮೊದಲು, ಮೂಳೆಗೂ ಮರೆವಿಗೂ ನಂಟು ಎಂಥದ್ದು?

ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನ 2005ರಲ್ಲೇ ಒಂದು ಮಾತು ಹೇಳಿತ್ತು: ಸೊಂಟದ ಮೂಳೆ ತೀರಾ ತೆಳುವಾಗಿದ್ದ ವಯಸ್ಸಾದ ಹೆಂಗಸರಲ್ಲಿ ಮುಂದೆ ಆಲ್‌ಝೈಮರ್ ಎಂಬ ಮರೆವಿನ ಕಾಯಿಲೆ ಕಾಣಿಸಿಕೊಂಡದ್ದು ಹೆಚ್ಚು. 2023ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಿಂದ ಇನ್ನೊಂದು ಲೆಕ್ಕ ಬಂತು. ಸರಾಸರಿ 72 ವಯಸ್ಸಿನ 3,651 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಮೈಯೆಲ್ಲದರ ಮೂಳೆ ಸಾಂದ್ರತೆ ಕಡಿಮೆ ಇದ್ದ ಗುಂಪಿನಲ್ಲಿ ಹತ್ತು ವರ್ಷದೊಳಗೆ ಡಿಮೆನ್ಷಿಯಾ (ನೆನಪು, ಬುದ್ಧಿ ಕುಂದುತ್ತಾ ಹೋಗುವ ಕಾಯಿಲೆ) ಬರುವ ಸಂಭವ, ಹೆಚ್ಚು ಇದ್ದ ಗುಂಪಿಗಿಂತ ಶೇ. 42ರಷ್ಟು ಜಾಸ್ತಿ ಇತ್ತು. ಕೆನಡಾದಲ್ಲಿ 65 ದಾಟಿದವರನ್ನು ಉಲ್ಟಾ ದಿಕ್ಕಿನಿಂದ ನೋಡಿದಾಗ, ಬುದ್ಧಿಯ ಚುರುಕು ಕುಂದಿದ ಹೆಂಗಸರಲ್ಲಿ ಮೂಳೆಯೂ ಬೇಗ ಕರಗಿತ್ತು, ಮುರಿತವೂ ಹೆಚ್ಚಿತ್ತು.

ಇಷ್ಟರಿಂದ ಮೂಳೆ ಟೊಳ್ಳಾದದ್ದಕ್ಕೇ ಮರೆವು ಬಂತು ಅಂತ ಹೇಳಲಾಗದು. ಹೆಚ್ಚಿನ ಪಾಲು ಎರಡಕ್ಕೂ ಕಾರಣಗಳು ಒಂದೇ: ಹೆಣ್ಣಿನ ಹಾರ್ಮೋನು ಈಸ್ಟ್ರೋಜನ್ ಇಳಿಯುವುದು, ಓಡಾಟ ನಿಲ್ಲುವುದು, ಊಟ ಬಡವಾಗುವುದು, ವಿಟಮಿನ್ ಡಿ ಮತ್ತು ಬಿ12 ಕೊರತೆ, ಹೊಗೆ, ಹೆಂಡ, ಸಕ್ಕರೆ ಕಾಯಿಲೆ. ಮೆದುಳಿನೊಳಗೆ ಡಿಮೆನ್ಷಿಯಾ ಸದ್ದಿಲ್ಲದೆ ಶುರುವಾದಾಗ ಮನುಷ್ಯನ ನಡಿಗೆ, ಊಟ ಎರಡೂ ಕಡಿಮೆಯಾಗಬಹುದು, ಆಗ ಮೂಳೆ ಕರಗುತ್ತದೆ. ಮೂಳೆಯಿಂದ ಹೊರಡುವ ಆಸ್ಟಿಯೋಕ್ಯಾಲ್ಸಿನ್ ಎಂಬ ಹಾರ್ಮೋನು ಮೆದುಳನ್ನು ತಲುಪಿ ನೆನಪಿಗೆ ನೆರವಾಗುತ್ತದೆಂದು ಜೆರಾರ್ಡ್ ಕಾರ್ಸೆಂಟಿಯವರ ತಂಡ 2013ರಲ್ಲಿ ಇಲಿಗಳಲ್ಲಿ ತೋರಿಸಿತು. ಇಲಿಯಲ್ಲಿ ಕಂಡದ್ದಕ್ಕೆ ನಾವು ಈಗಲೇ ಮಾತ್ರೆ ಹುಡುಕಿಕೊಂಡು ಹೋಗಬೇಕಿಲ್ಲ.

ನಮ್ಮ ಕಡೆ ಹಿಂದೆ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಸುಗ್ಗಿಯಲ್ಲಿ ತುಂಬಿಸಿದ್ದೆಷ್ಟೋ ಅಷ್ಟೇ ಬರಗಾಲಕ್ಕೆ. ಮೂಳೆಯ ಸುಗ್ಗಿ ಇಪ್ಪತ್ತರ ಆಸುಪಾಸಿಗೆ ಹೆಚ್ಚುಕಡಿಮೆ ಮುಗಿಯುತ್ತದೆ. ಮೂವತ್ತರ ಮೇಲೆ ತೆಗೆಯುವುದೇ ಕೆಲಸ. ಓದು, ಕಸುಬು, ಜನರ ಒಡನಾಟದಿಂದ ಮೆದುಳೂ ಇಂಥದೇ ಒಂದು ದಾಸ್ತಾನು ಮಾಡಿಕೊಳ್ಳುತ್ತದೆ, ಆದರೆ ಅದರ ಬಾಯಿ ಕೊನೆಯತನಕ ಮುಚ್ಚುವುದಿಲ್ಲ.

ಹೆಜ್ಜೆ 1: ಒಂದು ನೋಟ್‌ಬುಕ್, ಎರಡು ಕಾಲಂ

ಇವತ್ತೇ ಮಾಡಬಹುದಾದ, ಎಲ್ಲಕ್ಕಿಂತ ಅಗ್ಗದ ಕೆಲಸ. ಮನೆಯ ಹಿರಿಯರ ಹೆಸರಲ್ಲಿ ಒಂದು ನೋಟ್‌ಬುಕ್ ಇಡಿ. ಎಡಗಡೆ ಬಿದ್ದದ್ದು, ಎಡವಿದ್ದು, ಗೋಡೆ ಹಿಡಿದದ್ದು, ಮೂಳೆ ಮುರಿದದ್ದು. ಬಲಗಡೆ ಮರೆತದ್ದು, ದಾರಿ ತಪ್ಪಿದ್ದು, ಲೆಕ್ಕ ತಪ್ಪಿದ್ದು, ಒಲೆ ಆರಿಸದೆ ಬಿಟ್ಟದ್ದು. ತಾರೀಖು ಹಾಕಿ. ಕೊನೆಯ ಪುಟದಲ್ಲಿ ನುಂಗುವ ಎಲ್ಲ ಮಾತ್ರೆಗಳ ಹೆಸರು ಇರಲಿ, ನಮ್ಮಂಥ ಅಂಗಡಿಯಿಂದ ಚೀಟಿ ಇಲ್ಲದೆ ಒಯ್ದವೂ ಸೇರಿ. ಮೂಳೆ ಡಾಕ್ಟರ ಮುಂದೆ ಬಲಗಡೆಯ ಕಾಲಂ ಓದಿ, ನರರೋಗದ ಡಾಕ್ಟರ ಮುಂದೆ ಎಡಗಡೆಯದು. ಇಬ್ಬರೂ ಸಾಮಾನ್ಯವಾಗಿ ಕೇಳದೇ ಬಿಡುವುದು ಅದನ್ನೇ.

ಹೆಜ್ಜೆ 2: ಬಸಿರಿನಿಂದ ಬಾಲ್ಯದವರೆಗೆ

ಮೈಸೂರಿನವರು ಹೆಮ್ಮೆಪಡಬೇಕಾದ ವಿಷಯ ಇದು. ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿತ್ತು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸಿರಿಯರನ್ನು ಸೇರಿಸಿಕೊಂಡು ಶುರುವಾದ ಪಾರ್ಥೆನಾನ್ ಅಧ್ಯಯನ ಅವರ ಮಕ್ಕಳನ್ನು ಬೆಳೆಯುತ್ತಾ ಬೆಳೆಯುತ್ತಾ ಪರೀಕ್ಷಿಸಿತು. ಹುಟ್ಟುವಾಗ ತೂಕ, ತಲೆ ಸುತ್ತಳತೆ ಹೆಚ್ಚಿದ್ದ ಮಕ್ಕಳು ಒಂಬತ್ತು ಹತ್ತನೇ ವಯಸ್ಸಿಗೆ ಬುದ್ಧಿಯ ಪರೀಕ್ಷೆಗಳಲ್ಲಿ ತುಸು ಮುಂದಿದ್ದರು. ಬಸಿರಲ್ಲಿ ತಾಯಿಯ ರಕ್ತದಲ್ಲಿ ಫೋಲೇಟ್ (ಸೊಪ್ಪಿನಲ್ಲಿ ಸಿಗುವ ಒಂದು ವಿಟಮಿನ್) ಚೆನ್ನಾಗಿದ್ದರೂ ಹಾಗೆಯೇ. ಪುಣೆಯ ಇಂಥದೇ ಅಧ್ಯಯನ 2006ರಲ್ಲಿ ಇನ್ನೊಂದು ತುದಿ ಹಿಡಿಯಿತು: ಫೋಲೇಟ್ ಚೆನ್ನಾಗಿದ್ದ, ಕ್ಯಾಲ್ಸಿಯಂ ಇರುವ ಊಟ ಮಾಡಿದ ತಾಯಂದಿರ ಮಕ್ಕಳ ಮೂಳೆ ಆರನೇ ವರ್ಷಕ್ಕೆ ಗಟ್ಟಿಯಾಗಿತ್ತು. ಒಂದೇ ಸೊಪ್ಪು, ಅಲ್ಲಿ ಮೂಳೆ, ಇಲ್ಲಿ ಬುದ್ಧಿ.

ಇನ್ನು ಬೇಸರದ ಸಂಗತಿ. ಇಷ್ಟು ಬಿಸಿಲಿರುವ ಮೈಸೂರಿನಲ್ಲಿ ಆ ಬಸಿರಿಯರಲ್ಲಿ ಸುಮಾರು ಮೂರನೇ ಎರಡು ಪಾಲು ಹೆಂಗಸರಿಗೆ ವಿಟಮಿನ್ ಡಿ ಕೊರತೆ ಇತ್ತು.

ಆದ್ದರಿಂದ ಬಸಿರಿಗೆ ಅಂಗನವಾಡಿ, ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣ-ಫೋಲಿಕ್ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆ ತಪ್ಪಬಾರದು. ಎರಡನ್ನೂ ಒಟ್ಟಿಗೆ ನುಂಗಬಾರದು. ಕ್ಯಾಲ್ಸಿಯಂ ಇದ್ದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಡುವೆ ಎರಡು ಗಂಟೆಯಾದರೂ ಬಿಡಿ.

ಮಕ್ಕಳ ಮೂಳೆಗೆ ಬೇಕಾದದ್ದು ಕುಪ್ಪಳಿಸುವುದು. ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಶಾಲೆಯ ಚಿಕ್ಕ ಮಕ್ಕಳು ವಾರಕ್ಕೆ ಮೂರು ದಿನ, ಸಲಕ್ಕೆ ನೂರರಂತೆ ಏಳು ತಿಂಗಳು ಎಗರಿದ್ದಕ್ಕೆ ಸೊಂಟ, ಬೆನ್ನೆಲುಬಿನ ಮೂಳೆ ಹೆಚ್ಚಿತು. ನಮ್ಮ ಕುಂಟೆಬಿಲ್ಲೆ ಇದಕ್ಕಿಂತ ಜಾಣ ಆಟ. ಒಂಟಿ ಕಾಲಲ್ಲಿ ಎಗರಬೇಕು, ಗೆರೆ ತುಳಿಯಬಾರದು, ಬಿಲ್ಲೆ ಎಲ್ಲಿದೆ ಅಂತ ನೆನಪಿಡಬೇಕು. ಟ್ಯೂಷನ್ನಿಗೆ ಹಾಕಿದ ಮಗುವಿಗೆ ಅರ್ಧ ಗಂಟೆ ಬೀದಿ ಬಿಟ್ಟುಕೊಡಿ. ಓದನ್ನು ಬಿಡಿಸಿ ಅಂತಲ್ಲ: ಚಿಕ್ಕಂದಿನ ಶಾಲೆ ವೃದ್ಧಾಪ್ಯದ ಡಿಮೆನ್ಷಿಯಾವನ್ನು ದೂರ ಇಡುವ ಕಾರಣಗಳಲ್ಲೊಂದು. ಹೆಣ್ಣುಮಕ್ಕಳನ್ನು ಹೈಸ್ಕೂಲಿಗೇ ಬಿಡಿಸುವುದೆಂದರೆ ಆ ದಾಸ್ತಾನನ್ನೂ ಅಲ್ಲಿಗೇ ನಿಲ್ಲಿಸಿದಂತೆ.

ಹೆಜ್ಜೆ 3: ಮುದ್ದೆಯ ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ, ಹಾಲೂಡಿಸುವವರಿಗೆ, ವಯಸ್ಸಾದವರಿಗೆ 1200. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿ.ಗ್ರಾಂ. ಅಷ್ಟೇ ಬಿಳಿ ಅಕ್ಕಿಯಲ್ಲಿ ಹತ್ತೂ ಇಲ್ಲ. ಈ ಒಂದು ಹೋಲಿಕೆ ಸಾಕು, ಮನೆಯಲ್ಲಿ ಮುದ್ದೆ ಬಿಟ್ಟು ಮೂರು ಹೊತ್ತೂ ಅನ್ನಕ್ಕೆ ತಿರುಗಿದವರು ಏನು ಕಳೆದುಕೊಂಡರು ಅಂತ ತಿಳಿಯಲು.

ತಲಾ 75 ಗ್ರಾಂ ಹಿಟ್ಟಿನ ಎರಡು ಮುದ್ದೆ ಅಂದರೆ 540ರ ಹತ್ತಿರ. ಕಾಲು ಲೀಟರ್ ಹಾಲಿಗೆ 300. ಒಂದು ಹಿಡಿ ನುಗ್ಗೆಸೊಪ್ಪು ಬಸ್ಸಾರಿಗೆ ಬಿದ್ದರೆ, ಮೇಲೊಂದು ಚಮಚ ಎಳ್ಳು ಚಟ್ನಿಪುಡಿಯಾಗಿ ಬಂದರೆ ಸಾವಿರ ಮುಟ್ಟಿತು. ಸಾವಿರ ಸಾಕಾಗುವ ವಯಸ್ಕರಿಗೆ, ಡಾಕ್ಟರು ಬರೆಯದಿದ್ದರೆ, ಮಾತ್ರೆ ಬೇಕಿಲ್ಲ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಒಂದಿಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ ಅನ್ನುವುದು ನಿಜ; ಮೊಳಕೆ ಬರಿಸಿ, ಒಣಗಿಸಿ ಬೀಸಿದರೆ ಅದು ಕಡಿಮೆಯಾಗುತ್ತದೆ. ಮಕ್ಕಳಿಗೆ ಮಾಡುವ ರಾಗಿ ಸರಿಯ ಹಿಟ್ಟನ್ನು ಅಜ್ಜಿಯರು ಹಾಗೇ ಮಾಡುತ್ತಿದ್ದದ್ದು. ಪಾಲಕ್ ಸೊಪ್ಪಿನ ಕ್ಯಾಲ್ಸಿಯಂ ಮಾತ್ರ ಅದರಲ್ಲೇ ಇರುವ ಆಕ್ಸಲೇಟ್ ಎಂಬ ಅಂಶದ ಕೈಗೆ ಸಿಕ್ಕಿ ಹೆಚ್ಚುಪಾಲು ವ್ಯರ್ಥ. (ಅಂದಹಾಗೆ, ಇಲ್ಲೇ ಮಂಡ್ಯದ ವಿ.ಸಿ. ಫಾರ್ಮ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದು. ಅಂಥ ಊರಲ್ಲಿ ಕೂತು ನಾನು ಕ್ಯಾಲ್ಸಿಯಂ ಡಬ್ಬಿ ಮಾರುತ್ತಿದ್ದೇನೆ.)

ಮೂಳೆಯ ಹಂದರವೇ ಪ್ರೋಟೀನು. ಹುರುಳಿ, ಅವರೆ, ಮೊಟ್ಟೆ, ಮೊಸರು ಹಲ್ಲಿಲ್ಲದ ಅಜ್ಜಿಗೂ ಇಳಿಯುವಂತೆ ಮಾಡಿಕೊಡಿ. ಮಾಂಸ, ಮೊಟ್ಟೆ ಮುಟ್ಟದವರಲ್ಲಿ ಬಿ12 ಕೊರತೆ ಸಾಮಾನ್ಯ. ಅದು ಮರೆವನ್ನೂ ತರುತ್ತದೆ, ಪಾದ ಜೋಮು ಹಿಡಿಸಿ ಬೀಳಿಸುತ್ತದೆ ಕೂಡ. ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ, ಸಕ್ಕರೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಇನ್ನೂ ಹೆಚ್ಚು. ರಕ್ತ ಪರೀಕ್ಷೆ ಒಂದು ಸಲ ಮಾಡಿಸಿ.

ಹೆಜ್ಜೆ 4: ಬಿಸಿಲು, ಮತ್ತು ಆ ಸ್ಯಾಚೆ

ಎಳೆಬಿಸಿಲು ಒಳ್ಳೆಯದು ಅನ್ನುವ ಮಾತು ವಿಟಮಿನ್ ಡಿ ಮಟ್ಟಿಗೆ ಸುಳ್ಳು. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತಿನ ಬಿಸಿಲೇ ಬೇಕು, ಅಂದರೆ ಸುಮಾರು ಹತ್ತು ಹನ್ನೊಂದರಿಂದ ಮೂರರೊಳಗೆ. ಮುಖ, ಕೈ, ಕಾಲಿಗೆ ಬೀಳುವಂತೆ ಇಪ್ಪತ್ತು ಮೂವತ್ತು ನಿಮಿಷ, ವಾರದಲ್ಲಿ ಕೆಲವು ದಿನ. ಕಿಟಕಿ ಗಾಜಿನ ಹಿಂದೆ ಕೂತರೆ ಏನೂ ಸಿಗದು.

ಇನ್ನು ವಿಟಮಿನ್ ಡಿಯ 60,000 ಯೂನಿಟ್‌ನ ಸ್ಯಾಚೆ, ಅಂದರೆ ಪುಡಿಯ ಪೊಟ್ಟಣ. ಕೊರತೆ ಇದ್ದವರಿಗೆ ವಾರಕ್ಕೊಂದರಂತೆ ಎಂಟು ವಾರ ಬರೆದಿರುತ್ತಾರೆ. ಜನ ಹಳೆಯ ಚೀಟಿ ಹಿಡಿದು ವರ್ಷಗಟ್ಟಲೆ ಒಯ್ಯುತ್ತಾರೆ, ನಾವೂ ಕೊಡುತ್ತೇವೆ. ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಮಲಬದ್ಧತೆ, ಬಾಯಾರಿಕೆ, ವಾಂತಿ, ಕೊನೆಗೆ ತಲೆ ಗೊಂದಲ. ಮೂಳೆಗೆಂದು ನುಂಗಿದ್ದು ಬುದ್ಧಿಯನ್ನು ಮಂಕು ಮಾಡುತ್ತದೆ, ಮನೆಯವರು ಅದನ್ನು ಅರಳು ಮರಳು ಅನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಂದೇ ಸಲ ಐದು ಲಕ್ಷ ಯೂನಿಟ್ ಕೊಟ್ಟು ನೋಡಿದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಬೀಳುವುದೂ ಮುರಿಯುವುದೂ ಹೆಚ್ಚೇ ಆಯಿತು. ಕೊರತೆ ಇದೆಯೇ ಅಂತ ನೋಡದೆ ಆರೋಗ್ಯವಂತರಿಗೆ ಕೊಟ್ಟ ದಿನದಿನದ ಡಿ ಮಾತ್ರೆ ಮುರಿತವನ್ನು ತಡೆಯಲಿಲ್ಲವೆಂದು 2022ರಲ್ಲಿ ಅಮೆರಿಕದ 25 ಸಾವಿರಕ್ಕೂ ಹೆಚ್ಚು ಜನರ ಪ್ರಯೋಗ ಹೇಳಿತು. ಕೊರತೆ ತುಂಬಿಸಿ, ಅಲ್ಲಿಗೆ ನಿಲ್ಲಿಸಿ.

ಹೆಜ್ಜೆ 5: ಮುಟ್ಟು ನಿಲ್ಲುವ ಹೊತ್ತು

ಮುಟ್ಟು ನಿಂತ ಮೊದಲ ಐದರಿಂದ ಏಳು ವರ್ಷದಲ್ಲಿ ಹೆಣ್ಣಿನ ಮೂಳೆ ಸಾಂದ್ರತೆ ಶೇ. 20ರವರೆಗೂ ಇಳಿಯಬಹುದು. ನಮ್ಮ ಹಳ್ಳಿಗಳಲ್ಲಿ ಇದರ ಜೊತೆಗೊಂದು ಕಷ್ಟವಿದೆ: ಮೂವತ್ತೈದು, ನಲವತ್ತಕ್ಕೇ ಗರ್ಭಕೋಶ ತೆಗೆಸಿಕೊಂಡವರು. ಜೊತೆಗೆ ಅಂಡಾಶಯಗಳನ್ನೂ ತೆಗೆದಿದ್ದರೆ ಈಸ್ಟ್ರೋಜನ್ ಒಂದೇ ದಿನಕ್ಕೆ ನಿಲ್ಲುತ್ತದೆ. ಮೂಳೆ ಟೊಳ್ಳಾಗುವುದು ಗೊತ್ತಿದ್ದದ್ದೇ. ಅಮೆರಿಕದ ಮೇಯೊ ಕ್ಲಿನಿಕ್ 2007ರಲ್ಲಿ ಪ್ರಕಟಿಸಿದಂತೆ, ಹೀಗೆ ಬೇಗ ಅಂಡಾಶಯ ಕಳೆದುಕೊಂಡವರಲ್ಲಿ ಮುಂದೆ ಬುದ್ಧಿ ಕುಂದುವುದೂ ಹೆಚ್ಚು. ಆಪರೇಷನ್‌ಗೆ ಮೊದಲು ಎರಡು ಪ್ರಶ್ನೆ ಕೇಳಿ: ಇದು ಬೇಕೇ ಬೇಕಾ? ಅಂಡಾಶಯ ಉಳಿಸಬಹುದಾ? ಆಗಿಹೋಗಿದ್ದರೆ ಡಿಸ್ಚಾರ್ಜ್ ಚೀಟಿ ಹುಡುಕಿ, ಏನೇನು ತೆಗೆದಿದ್ದಾರೆ ನೋಡಿ, ಹಾರ್ಮೋನು ಬೇಕೇ ಅಂತ ಸ್ತ್ರೀರೋಗ ತಜ್ಞರನ್ನು ಆಗಲೇ ಕೇಳಿ. ಅರವತ್ತೈದಾದ ಮೇಲೆ ನೆನಪು ಉಳಿಯಲಿ ಅಂತ ಹಾರ್ಮೋನು ಶುರು ಮಾಡುವುದು ಬೇಡ. ಹಾಗೆ ಮಾಡಿದವರಲ್ಲಿ ಡಿಮೆನ್ಷಿಯಾ ಹೆಚ್ಚಾದದ್ದನ್ನು 2003ರಲ್ಲೇ ಕಂಡಿದ್ದಾರೆ.

ಹೆಜ್ಜೆ 6: ಅರವತ್ತರ ಮೇಲೆ ಮನೆಯಲ್ಲೇ ಪರೀಕ್ಷೆ

ಮಂಡಿ ನೋವನ್ನು ನಾವು "ಮೂಳೆ ಸವೆತ" ಅನ್ನುತ್ತೇವೆ. ಮೂಳೆ ಟೊಳ್ಳಾಗುವುದು ಬೇರೆ. ಅದಕ್ಕೆ ನೋವೇ ಇಲ್ಲ. ಒಂದು ಗುರುತು ಹೇಳುತ್ತೇನೆ: ಯಾವತ್ತೂ ಉಡುತ್ತಿದ್ದ ಸೀರೆ ನೆಲ ಗುಡಿಸತೊಡಗಿದರೆ ಸೀರೆ ಬೆಳೆದಿಲ್ಲ, ಬೆನ್ನೆಲುಬು ಕುಸಿದಿದೆ. ಪ್ರಾಯದಲ್ಲಿದ್ದುದಕ್ಕಿಂತ ನಾಲ್ಕು ಸೆಂಟಿಮೀಟರ್ ಗಿಡ್ಡವಾಗಿದ್ದರೆ ಬೆನ್ನಿನ ಎಕ್ಸ್‌ರೇ ಬೇಕು.

ಮೊದಲ ಪರೀಕ್ಷೆ. ಕುರ್ಚಿಯಿಂದ ಏಳಿಸಿ, ಮೂರು ಮೀಟರ್ ನಡೆಸಿ, ತಿರುಗಿ ಬಂದು ಕೂರಲು ಹೇಳಿ. ಪಕ್ಕದಲ್ಲೇ ಇರಿ. ಹನ್ನೆರಡು ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ.

ಎರಡನೆಯದು ನನ್ನ ಮಟ್ಟಿಗೆ ಇಡೀ ವಿಷಯದ ಮರ್ಮ. ನಡೆಯುವಾಗಲೇ ಮಾತಾಡಿಸಿ. "ಅವ್ವ, ನಾಗಮಂಗಲದ ಅತ್ತೆ ಮಕ್ಕಳ ಹೆಸರು ಹೇಳು." ನಡೆಯುತ್ತಲೇ ಉತ್ತರಿಸಿದರೆ ಸಮಾಧಾನ. ಉತ್ತರ ಹೇಳಲು ನಿಂತುಬಿಟ್ಟರೆ ಬರೆದುಕೊಳ್ಳಿ. ಸ್ವೀಡನ್‌ನ ಸಂಶೋಧಕರು 1997ರಲ್ಲಿ ಇದನ್ನೇ ಗಮನಿಸಿದ್ದು. ಮಾತಿಗೆ ನಿಂತ 12 ವೃದ್ಧರಲ್ಲಿ 10 ಮಂದಿ ಆರು ತಿಂಗಳೊಳಗೆ ಬಿದ್ದಿದ್ದರು. ನಡಿಗೆ ಕಾಲಿನ ಕೆಲಸ ಅಂತ ನಾವು ತಿಳಿದಿರುತ್ತೇವೆ, ಆದರೆ ಅರ್ಧ ಕೆಲಸ ಮೆದುಳಿನದು. ಅವ್ವ ಬಚ್ಚಲಿಗೆ ಹೋಗುವಾಗ ನಾನು ಹೊರಗಿಂದ ಕೂಗಿ ಏನೋ ಕೇಳಿದ್ದೆ ಅನ್ನುವುದು ಇದನ್ನು ಓದಿದ ಮೇಲೆ ನೆನಪಾಯಿತು.

ಮೂರನೆಯದು ನೆನಪು. ಓದು ಬಾರದವರಿಗೆ ಗಡಿಯಾರ ಬಿಡಿಸಿ ಅನ್ನುವುದು ಅನ್ಯಾಯ. ಮೂರು ಪದ ಹೇಳಿ ಐದು ನಿಮಿಷ ಬಿಟ್ಟು ಕೇಳಿ. ಒಂದು ನಿಮಿಷದಲ್ಲಿ ಎಷ್ಟು ತರಕಾರಿ ಹೆಸರು ಬರುತ್ತದೆ ಎಣಿಸಿ. ಸಂತೆಯ ಚಿಲ್ಲರೆ ಲೆಕ್ಕ ಕೇಳಿ. ಹೋಲಿಸಬೇಕಾದದ್ದು ಅವರ ಹೋದ ವರ್ಷದ ಜೊತೆಗೆ, ಪಕ್ಕದ ಮನೆಯವರ ಜೊತೆಗಲ್ಲ. ಕುಸಿತ ಕಂಡರೆ ಜಿಲ್ಲಾಸ್ಪತ್ರೆಯಲ್ಲಿ ತೋರಿಸಿ. ಕಿವಿ ಕೇಳದಿರುವುದು, ಥೈರಾಯ್ಡ್, ಬಿ12, ಖಿನ್ನತೆ ಇವನ್ನು ಮೊದಲು ತಳ್ಳಿಹಾಕಬೇಕು.

ಮೂಳೆಗೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್, ಸೊಂಟ ಮತ್ತು ಬೆನ್ನಿನದು. ಹೆಂಗಸರಿಗೆ 65ಕ್ಕೆ, ಗಂಡಸರಿಗೆ 70ಕ್ಕೆ. ಬೇಗ ಮುಟ್ಟು ನಿಂತವರು, ಸ್ಟೀರಾಯ್ಡ್ ನುಂಗುವವರು, ಸಣ್ಣ ಪೆಟ್ಟಿಗೇ ಮುರಿದುಕೊಂಡವರು ಮೊದಲೇ. ಅದರ ಚೀಟಿಯಲ್ಲಿ ಟಿ-ಸ್ಕೋರ್ ಎಂಬ ಅಂಕಿ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಕ್ಯಾಂಪ್‌ಗಳಲ್ಲಿ ಹಿಮ್ಮಡಿ ಇಟ್ಟು ತೆಗೆಯುವ ಚೀಟಿಯನ್ನು ನೆಚ್ಚಿ ಔಷಧಿ ಶುರು ಮಾಡಬೇಡಿ.

ಹೆಜ್ಜೆ 7: ವ್ಯಾಯಾಮ ಮತ್ತು ಮನೆ

ಕುಕ್ಕರಹಳ್ಳಿ ಕೆರೆ ಸುತ್ತುವುದು ಹೃದಯಕ್ಕೆ, ಮೆದುಳಿಗೆ, ಮನಸ್ಸಿಗೆ ಒಳ್ಳೆಯದು. ಬೀಳದಿರಲು ಅದಷ್ಟೇ ಸಾಲದು. ಅಡುಗೆಮನೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲಿ, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ, ಹಿಮ್ಮಡಿಗೆ ಬೆರಳು ತಾಗಿಸಿ ಗೆರೆ ಮೇಲೆ ನಡೆಯಿರಿ. ರೂಢಿಯಾದ ಮೇಲೆ ಹಿಂದಿನಿಂದ ಎಣಿಸುತ್ತಾ ಮಾಡಿ. ಮೈಸೂರಲ್ಲಿ ಯೋಗ ತರಗತಿಗೆ ಬರವಿಲ್ಲ, ಆದರೆ ಬೆನ್ನೆಲುಬು ಟೊಳ್ಳಾದವರು ಪಶ್ಚಿಮೋತ್ತಾನಾಸನ, ಹಲಾಸನದಂಥ ಮುಂದೆ ಬಾಗುವ ಆಸನ ಮಾಡಬಾರದು, ಗುರುಗಳಿಗೆ ಮೊದಲೇ ಹೇಳಿಬಿಡಿ. ಸಂಜೆ ಅಳಿಗುಳಿಮಣೆ, ಚೌಕಾಬಾರ, ಭಜನೆ, ಯಾವುದಾದರೂ ಸರಿ, ಜನ ಇರಲಿ.

ಮನೆ ಬಗ್ಗೆ ಎಲ್ಲರಿಗೂ ಗೊತ್ತು, ಯಾರೂ ಮಾಡುವುದಿಲ್ಲ. ಬಚ್ಚಲ ಪಾಚಿ ಉಜ್ಜಿಸಿ, ಗೋಡೆಗೆ ಬೇರೆ ಬಣ್ಣದ ಹಿಡಿಕೆ ಹಾಕಿಸಿ, ರಾತ್ರಿ ದೀಪ ಇಡಿ, ಹೊಸ್ತಿಲಿಗೆ ಬಣ್ಣ ಬಳಿಯಿರಿ, ಕಣ್ಣಿನ ಪೊರೆ ತೆಗೆಸಿ.

ಹೆಜ್ಜೆ 8: ಮರೆವು ಬಂದವರಿಗೆ ಮೂಳೆ ಔಷಧಿ

ವಾರಕ್ಕೊಮ್ಮೆ ನುಂಗುವ ಅಲೆಂಡ್ರೋನೇಟ್ ಮಾತ್ರೆಗೆ ನೇಮವಿದೆ. ಬೆಳಿಗ್ಗೆ ಬರಿ ಹೊಟ್ಟೆ, ಒಂದು ಲೋಟ ಬರಿ ನೀರು, ಆಮೇಲೆ ಅರ್ಧ ಗಂಟೆ ಕಾಫಿ ಇಲ್ಲ, ಮಲಗುವಂತಿಲ್ಲ. ಮರೆವಿನವರು ಅಗಿಯುತ್ತಾರೆ, ಮಲಗುತ್ತಾರೆ, ಇಲ್ಲವೇ ದಿನವೂ ನುಂಗುತ್ತಾರೆ, ಅನ್ನನಾಳ ಹುಣ್ಣಾಗುತ್ತದೆ. ವರ್ಷಕ್ಕೊಮ್ಮೆ ನರಕ್ಕೆ ಕೊಡುವ ಝೋಲೆಡ್ರೋನಿಕ್ ಆಸಿಡ್ ಆಗಬಹುದೇ ಅಂತ ಡಾಕ್ಟರನ್ನು ಕೇಳಿ. ಮೊದಲು ಕಿಡ್ನಿ, ಕ್ಯಾಲ್ಸಿಯಂ, ಡಿ ಪರೀಕ್ಷೆ, ಹಲ್ಲು ಕೀಳಿಸುವುದಿದ್ದರೆ ಅದೂ ಮುಗಿದಿರಲಿ. ಆರು ತಿಂಗಳಿಗೊಮ್ಮೆಯ ಡೆನೋಸುಮ್ಯಾಬ್ ಇಂಜೆಕ್ಷನ್ ಶುರು ಮಾಡಿದರೆ ತಾರೀಖು ತಪ್ಪಬಾರದು. ನಡುವೆ ಬಿಟ್ಟರೆ ಬೆನ್ನೆಲುಬು ಸಾಲಾಗಿ ಮುರಿಯಬಹುದು. ತಾರೀಖು ನೆನಪಿಡುವುದು ಮಗನ ಫೋನಿನ ಕೆಲಸ, ಅಜ್ಜಿಯದಲ್ಲ.

ನೋಟ್‌ಬುಕ್ಕಿನ ಕೊನೆ ಪುಟ ತೆಗೆದು ಡಾಕ್ಟರನ್ನು ಇನ್ನೊಂದು ಮಾತು ಕೇಳಿ, ಇವು ಬೇಕೇ ಬೇಕಾ ಅಂತ: ನಿದ್ದೆ ಮಾತ್ರೆ, ನೆಗಡಿಯ ಕ್ಲೋರ್‌ಫೆನಿರಮಿನ್, ನರದ ನೋವಿನ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯುವ ಮಾತ್ರೆ. ಇವು ತಲೆಯನ್ನೂ ಮಂಕು ಮಾಡುತ್ತವೆ, ಕಾಲನ್ನೂ ತೂರಾಡಿಸುತ್ತವೆ. ನಿದ್ದೆ ಮಾತ್ರೆ ಒಮ್ಮೆಗೇ ನಿಲ್ಲಿಸಬೇಡಿ, ಡಾಕ್ಟರು ಇಳಿಸಿಕೊಡುತ್ತಾರೆ.

ಹೆಜ್ಜೆ 9: ಸೊಂಟ ಮುರಿದ ದಿನ

ನಾಟಿ ಪಟ್ಟು ಕಟ್ಟಿಸಿ ಮಲಗಿಸುವುದು ಬೇಡ. ಆಪರೇಷನ್ 48 ಗಂಟೆಯೊಳಗೆ ಆಗುವಂತೆ ಓಡಾಡಿ. ನಮ್ಮಲ್ಲಿ ನಾಲ್ಕು ದಿನ ಹೋಯಿತು, ಅದರಲ್ಲಿ ಎರಡು ದಿನ ನಾವೇ ಬೇರೆಯವರ ಮಾತು ಕೇಳುತ್ತಾ ಕೂತದ್ದು.

ಆಪರೇಷನ್ ಆದ ರಾತ್ರಿ ಅವ್ವ ನನ್ನನ್ನು ಗುರುತಿಸಲಿಲ್ಲ. "ಮನೆಗೆ ಬಿಡ್ಸಪ್ಪ, ಹಸಾ ಕಟ್ಟಿಲ್ಲ" ಅಂತ ಎದ್ದೆದ್ದು ಕೂರುತ್ತಿದ್ದಳು. ಹುಚ್ಚು ಹಿಡಿಯಿತೆಂದು ತಂಗಿ ಅತ್ತಳು. ಅದಕ್ಕೆ ಡೆಲಿರಿಯಂ ಅನ್ನುತ್ತಾರೆ, ಅಂದರೆ ಇದ್ದಕ್ಕಿದ್ದಂತೆ ಬರುವ ತಲೆಗೊಂದಲ. ನೋವು, ಸೋಂಕು, ಮೂತ್ರ ಕಟ್ಟುವುದು, ಮಲಬದ್ಧತೆ, ಸೋಡಿಯಂ ಇಳಿಯುವುದು, ಔಷಧಿ, ಯಾವುದರಿಂದಲೂ ಬರುತ್ತದೆ. ಮೊದಲೇ ಮರೆವಿದ್ದವರಿಗೆ ಹೆಚ್ಚು. ಕೈ ಕಟ್ಟಿಹಾಕಲು ಬಿಡಬೇಡಿ, ಕಾರಣ ಹುಡುಕಲು ಹೇಳಿ. ಕನ್ನಡಕ, ಕಿವಿ ಮಿಷನ್, ಹಲ್ಲಿನ ಸೆಟ್ ಜೊತೆಗೇ ತನ್ನಿ. ಗುರುತಿನ ಮುಖವೊಂದು ಹಗಲೂ ರಾತ್ರಿ ಪಕ್ಕದಲ್ಲಿರಲಿ. ಹಗಲು ಕಿಟಕಿ ತೆರೆಸಿ, ರಾತ್ರಿ ದೀಪ ಆರಿಸಿ. ಮಾರನೇ ದಿನವೇ ಎಬ್ಬಿಸಿ ನಿಲ್ಲಿಸಲು ಫಿಸಿಯೋಥೆರಪಿಯವರನ್ನು ಕೇಳಿ.

ಮನೆಗೆ ಬರುವ ಮುಂಚೆ ಮೂರು ಮಾತು ಬರೆಸಿಕೊಳ್ಳಿ: ಮುಂದಿನ ಮುರಿತ ತಡೆಯುವ ಔಷಧಿ ಯಾವುದು, ಯಾವಾಗಿನಿಂದ; ನಿಲ್ಲಿಸಬೇಕಾದ ಮಾತ್ರೆ ಯಾವುವು; ಮೂರು ತಿಂಗಳಾದ ಮೇಲೆ, ಗೊಂದಲ ಪೂರ್ತಿ ಇಳಿದಾಗ, ನೆನಪಿನ ಪರೀಕ್ಷೆ ಎಲ್ಲಿ. ಅಲ್ಲಿಗೆ ಹೋಗುವಾಗ ನೋಟ್‌ಬುಕ್ ಒಯ್ಯಿರಿ, ಎಡಗಡೆಯ ಕಾಲಂನಿಂದ ಓದಲು ಶುರು ಮಾಡಿ.